ಆ ತಾಯಿ ಊಟ ಮಾಡಿದಳೇ?

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಹಳಿಗೆ ಬಂದ ಸಮಯ. ಸೇಡಂನ ಒಂದು ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮುಖ್ಯಸ್ಥ ಎಂದರೆ ದೊಡ್ಡದೇನೂ ಅಲ್ಲ, ವಿಭಾಗದಲ್ಲಿ ಕಾಯಂ ನೌಕರ ನಾನೊಬ್ಬನೇ ಇದ್ದೆ. ಸಿಡುಕ ಎಂಬ ಹೆಸರೂ ಇತ್ತು, ಅದು ಸುಳ್ಳಲ್ಲ.

ಬಿ.ಎ. ಕೊನೆಯ ಸೆಮಿಸ್ಟರ್‌ಗೆ ಒಂದು ಕಾದಂಬರಿಯನ್ನೂ ಅದರಿಂದ ತೆಗೆದ ಸಿನಿಮಾವನ್ನೂ ಹೋಲಿಸುವ ಪತ್ರಿಕೆ ಇತ್ತು. ಹೈದರಾಬಾದ್ ಕಡೆಯ ಕುಟುಂಬವೊಂದು ಇಂಗ್ಲೆಂಡಿನ ಗಿರಣಿ ಊರಿಗೆ ಹೋಗಿ ನೆಲೆಸುವ ಕಥೆ. ಗಿರಣಿಯಲ್ಲಿ ನೆಲ ಒರೆಸುವ ತಂದೆ, ಮನೆಯಲ್ಲೇ ಇರುವ ತಾಯಿ, ಮೂವರು ಹೆಣ್ಣುಮಕ್ಕಳು. ಎರಡನೆಯ ಮಗಳು ಕಥೆ ಹೇಳುತ್ತಾಳೆ. ಕಾದಂಬರಿ ನನಗೆ ಪ್ರಾಣ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಚಳಿಯನ್ನು ಬರೆದವರು ಅಪರೂಪ. ಸಿನಿಮಾ ಕೂಡ ಒಳ್ಳೆಯದೇ, ಆದರೆ ಅದರಲ್ಲೊಂದು ದೃಶ್ಯ ನನಗೆ ಒಗ್ಗಿರಲಿಲ್ಲ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ತಾಯಿ ಅಡುಗೆಮನೆಯ ನೆಲದ ಮೇಲೆ ಕುಳಿತು ಪಾತ್ರೆಯಿಂದಲೇ ಅನ್ನ ತಿನ್ನುತ್ತಾಳೆ. ಅರ್ಧ ನಿಮಿಷ, ಮಾತಿಲ್ಲ. ಇದು ಕಾದಂಬರಿಯಲ್ಲಿ ಇಲ್ಲ. ‘ಅನಗತ್ಯ ಸೇರ್ಪಡೆ’ ಎಂದೇ ನಾನು ಪಾಠ ಮಾಡುತ್ತಿದ್ದೆ.

ಈ ಹೋಲಿಕೆಯ ಮೇಲೆ ಒಂದು ಪ್ರಬಂಧ ಬರೆಸಿ ಇಪ್ಪತ್ತು ಅಂಕ ಕೊಡಬೇಕಿತ್ತು. ಇದಕ್ಕೆ ಇಂಟರ್ನಲ್ ಅಸೆಸ್‌ಮೆಂಟ್ ಎನ್ನುತ್ತಾರೆ, ಅಂದರೆ ಪರೀಕ್ಷೆಗೆ ಮೊದಲೇ ಕಾಲೇಜು ಕೊಡುವ ಅಂಕ. ವಾಡಿಯಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದ ನಸೀಮಾ ಎಂಬ ವಿದ್ಯಾರ್ಥಿನಿಯ ಪ್ರಬಂಧ ಓದಿ ನಾನು ಪೆನ್ನು ಕೆಳಗಿಟ್ಟೆ. ಅವಳು ಬರೆದಿದ್ದಳು: ಕಾದಂಬರಿಯ ತಾಯಿ ಪ್ರತಿ ಅಧ್ಯಾಯದಲ್ಲೂ ಅಡುಗೆ ಮಾಡುತ್ತಾಳೆ, ಒಮ್ಮೆಯೂ ಉಣ್ಣುವುದಿಲ್ಲ, ಕಥೆ ಹೇಳುವ ಮಗಳು ಆ ಹೊತ್ತಿಗೆ ಶಾಲೆಯಲ್ಲಿರುತ್ತಾಳೆ, ಅವಳಿಗೆ ಅದು ಕಾಣುವುದೇ ಇಲ್ಲ, ಕ್ಯಾಮೆರಾ ಮಾತ್ರ ಮನೆಯಲ್ಲೇ ಉಳಿಯಿತು.

ಇಷ್ಟು ಚೆಂದದ ಮಾತು ನಮ್ಮ ಕಾಲೇಜಿನ ಹುಡುಗಿಯದಾಗಿರಲು ಸಾಧ್ಯವಿಲ್ಲ ಎಂದು ನನಗೆ ಅನ್ನಿಸಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಲ್ಲೋ ಇಂಟರ್ನೆಟ್ಟಿನಿಂದ ಎತ್ತಿದ್ದು ಎಂದುಕೊಂಡು ಗ್ರಂಥಾಲಯದ ರಿಜಿಸ್ಟರ್ ತರಿಸಿದೆ. ಕಾದಂಬರಿಯ ಪ್ರತಿಗಳಿದ್ದದ್ದು ಮೂರು. ಪಡೆದವರ ಪಟ್ಟಿಯಲ್ಲಿ ನಸೀಮಾಳ ಹೆಸರಿರಲಿಲ್ಲ. ಶುಕ್ರವಾರ ತರಗತಿಯಲ್ಲಿ ಎಲ್ಲರ ಮುಂದೆಯೇ ಅವಳನ್ನು ನಿಲ್ಲಿಸಿದೆ.

“ಪುಸ್ತಕ ತಗೊಂಡೇ ಇಲ್ಲ, ಹ್ಯಾಂಗ ಓದಿದಿ?”

“ಓದೀನ್ರಿ ಸರ್.”

“ಸುಳ್ಳು ಹೇಳಬ್ಯಾಡ,” ಎಂದು ಸೊನ್ನೆ ಹಾಕಿದೆ. ಅವಳು ಅಳಲಿಲ್ಲ, ವಾದ ಮಾಡಲಿಲ್ಲ, ಕುಳಿತುಬಿಟ್ಟಳು. ಆ ಸೊನ್ನೆಯಿಂದ ಅವಳ ಫಸ್ಟ್ ಕ್ಲಾಸ್ ಹೋಗುತ್ತಿತ್ತು, ಕಲಬುರಗಿಯಲ್ಲಿ ಎಂ.ಎ. ಮಾಡುವ ಆಸೆಯೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇಡೀ ತರಗತಿಯ ಎದುರು ಅವಳು ಸುಳ್ಳುಗಾರ್ತಿ ಎನಿಸಿಕೊಂಡಿದ್ದಳು. ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಲು ಸೋಮವಾರ ಸಂಜೆ ಕೊನೆಯ ಗಡುವು.

ಮಧ್ಯಾಹ್ನ ಅವಳ ಗೆಳತಿ ಭಾಗ್ಯಶ್ರೀ ಸ್ಟಾಫ್ ರೂಮಿಗೆ ಬಂದಳು. “ಸರ್, ಪುಸ್ತಕ ನನ್ನ ಹೆಸರಿಲೆ ತಗೊಂಡೀವ್ರಿ. ಓದಿದಾಕಿ ನಸೀಮಾ. ರೈಲಿನ್ಯಾಗ ದಿನಾ ಆಕೀನೇ ಜೋರಾಗಿ ಓದಿ, ನಮಗ ಕನ್ನಡದಾಗ ಹೇಳ್ತಿದ್ಳು. ನಂಬಿಕಿ ಇಲ್ಲಂದ್ರ ನಮ್ಮ ಜೋಡಿ ಕುಂತು ಕಥಿ ಕೇಳ್ತಿದ್ದ ಚಿತ್ತಾಪುರದ ಶರಣಮ್ಮ ಆಯಿಗೆ ಕೇಳ್ರಿ.”

ಮೂರು ಪ್ರತಿಗಳನ್ನು ಇಡೀ ತರಗತಿ ಹೇಗೆ ಓದುತ್ತದೆ ಎಂದು ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಚಿತ್ತಾಪುರಕ್ಕೆ ಹೋದೆ, ಅಲ್ಲಿಂದ ಅದೇ ಪ್ಯಾಸೆಂಜರ್ ಹತ್ತಿದೆ. ನಿಲ್ದಾಣದಲ್ಲಿ ಕೇಳಿ ಹುಡುಕಿದ ಶರಣಮ್ಮನನ್ನು ಹುಡುಗಿಯರಿಗೆ ಕಾಣಿಸದಂತೆ ಹಿಂದಿನ ಬೋಗಿಯಲ್ಲಿ ಕೂರಿಸಿಕೊಂಡು, ಕೇಳಿದ ಕಥೆ ಹೇಳು ಎಂದೆ. ಸೇಡಂ ಸಂತೆಗೆ ಸೊಪ್ಪು ಒಯ್ಯುವ ಹೆಂಗಸು, ಅರವತ್ತರ ಆಸುಪಾಸು, ಸಹಿ ಹಾಕಲೂ ಬಾರದು.

“ಏನ್ರಿ ಸರ, ನಂದೂ ಪರೀಕ್ಷಾ ತಗೊಳ್ಳಾಕತ್ತೀರೇನು?” ಎಂದು ನಕ್ಕಳು. ಆಮೇಲೆ ಮೆಂತ್ಯದ ಬುಟ್ಟಿಯನ್ನು ಕಾಲ ಬಳಿ ಎಳೆದುಕೊಂಡು ಇಡೀ ಕಾದಂಬರಿ ಹೇಳಿದಳು. “ಆ ಗಂಡ ಮಿಲ್ಲಿನಾಗ ನೆಲ ಒರಸ್ತಾನ್ರಿ. ಊರಿಗಿ ಬರಿಯೋ ಕಾಗದದಾಗ ಮಾತ್ರ ನಾ ಸಾಹೇಬ ಆಗೀನಿ ಅಂತ ಬರೀತಾನ. ಪಾಪ, ಏನ್ ಮಾಡ್ಬೇಕು ಅವ?”

ಆ ಕಾಗದಗಳ ಪ್ರಸಂಗವನ್ನು ಸಿನಿಮಾ ಪೂರ್ತಿ ಕೈಬಿಟ್ಟಿದೆ. ಅಂದರೆ ನಸೀಮಾ ಪುಸ್ತಕವನ್ನು ಓದಿಯೇ ಹೇಳಿದ್ದು. ನನ್ನ ತಪ್ಪು ಖಾತ್ರಿಯಾಯಿತು ಎನ್ನುವಷ್ಟರಲ್ಲಿ ಶರಣಮ್ಮ ಮತ್ತೊಂದು ಮಾತು ಸೇರಿಸಿದಳು. “ಎಲ್ಲಾರೂ ಉಂಡ ಮ್ಯಾಲ ಗಡಗ್ಯಾಗ ಉಳದದ್ದಕ್ಕ ಚಟ್ನಿ ಹಚ್ಕೊಂಡು ತಾನೂ ಉಣ್ತಾಳ್ರಿ ಆಕಿ. ಹಸದು ಮಲಗಾಕಿ ಅಲ್ಲ.”

ನಾನು ಗೊಂದಲಕ್ಕೆ ಬಿದ್ದೆ. ತಾಯಿ ಉಣ್ಣುವುದೇ ಇಲ್ಲ ಎಂದು ಪ್ರಬಂಧದಲ್ಲಿದೆ, ಉಣ್ಣುತ್ತಾಳೆ ಎಂದು ರೈಲಿನಲ್ಲಿ ಹೇಳಿದ್ದಾಳೆ. ಒಬ್ಬಳೇ ಹುಡುಗಿ, ಎರಡು ಮಾತು. ಸಂಶಯದ ಹುಳು ಮತ್ತೆ ತಲೆಯೊಳಗೆ ಹೊಕ್ಕಿತು.

ಭಾನುವಾರ ಪೆನ್ಸಿಲ್ ಹಿಡಿದು ಕಾದಂಬರಿಯನ್ನು ಮೊದಲಿನಿಂದ ಓದಿದೆ. ಊಟ ಬಂದಲ್ಲೆಲ್ಲ ಅಂಚಿನಲ್ಲಿ ಗುರುತು ಹಾಕಿದೆ. ತಂದೆ ಉಣ್ಣುತ್ತಾನೆ, ಮಕ್ಕಳು ಉಣ್ಣುತ್ತಾರೆ, ಬಾಡಿಗೆ ಕೇಳಲು ಬಂದ ಮನೆಯೊಡೆಯನೂ ಉಣ್ಣುತ್ತಾನೆ. ಈದ್ ಹಬ್ಬದ ದಿನ ತಾಯಿ ಬಡಿಸುತ್ತಾಳೆ. ಹಿರಿಮಗಳ ಮದುವೆಯಲ್ಲೂ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ಕೊನೆಯ ಪುಟದವರೆಗೂ ಒಂದು ತುತ್ತು ಅವಳ ಬಾಯಿಗೆ ಹೋಗಿಲ್ಲ. ಇದನ್ನು ಬರೆಯದೆಯೇ ಬರೆದ ಕಾದಂಬರಿಕಾರರ ಮೇಲೆ ನನಗಿದ್ದ ಗೌರವ ಇಮ್ಮಡಿಯಾಯಿತು. ಅದನ್ನು ಕಂಡುಕೊಂಡು ಅರ್ಧ ನಿಮಿಷ ಅವಳನ್ನು ಕೂರಿಸಿದ ಸಿನಿಮಾದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆರು ವರ್ಷ ಇದೇ ಪುಸ್ತಕ ಪಾಠ ಮಾಡಿದ ನನ್ನ ಕಣ್ಣಿಗೆ ಏನಾಗಿತ್ತೋ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ಅದೇ ತರಗತಿಯಲ್ಲಿ, ಎಲ್ಲರೂ ಇದ್ದಾಗಲೇ ನಿಂತು ಹೇಳಿದೆ. “ನಸೀಮಾ ಪುಸ್ತಕ ಓದ್ಯಾಳ. ನನಕಿಂತ ಚಂದ ಓದ್ಯಾಳ. ತಪ್ಪು ನಂದು.” ಸೊನ್ನೆಯನ್ನು ಹೊಡೆದುಹಾಕಿ ಹತ್ತೊಂಬತ್ತು ಬರೆದೆ. ಆಮೇಲೆ ತಡೆಯಲಾಗದೆ ಕೇಳಿದೆ, “ಮತ್ತ ಶರಣಮ್ಮಗ ಬ್ಯಾರೇನೇ ಯಾಕ ಹೇಳಿದಿ?”

ಅವಳು ಎದ್ದು ನಿಂತಳು. ಶುಕ್ರವಾರ ಇಳಿಯದ ಕಣ್ಣೀರು ಈಗ ಇಳಿಯಿತು.

“ಸುಳ್ಳು ಹೇಳೀನ್ರಿ ಸರ್, ಆದ್ರ ನಿಮಗಲ್ಲ, ಆಯಿಗೆ. ದಿನಾ ಚಿತ್ತಾಪುರದಾಗ ಹತ್ತಿದ ಕೂಡ್ಲೇ ‘ಆಕಿ ಉಂಡ್ಳೇನು?’ ಅಂತ ಕೇಳ್ತಿದ್ಳ್ರಿ. ಉಂಡಿಲ್ಲ ಅಂದ್ರ ಮುಂದಿಂದು ಕೇಳಾಕ ಒಲ್ಲೆ ಅಂತಿದ್ಳು. ನಾ ಪುಸ್ತಕದಾಗ ಭಾಳ ಹುಡಕಿದೆ, ಎಲ್ಲೂ ಸಿಗಲಿಲ್ಲ. ಅದಕ್ಕ ನಾನೇ ಉಣಿಸಿಬಿಟ್ಟೆ. ಆಮ್ಯಾಲ ಕಾಲೇಜಿನಾಗ ಪಿಚ್ಚರ್ ತೋರಿಸಿದ್ರಿ ನೋಡ್ರಿ, ಆಕಿ ಕುಂತು ಉಣ್ಣಾಕತ್ತಿದ್ಳು. ನನ್ನ ಸುಳ್ಳು ಖರೇ ಆತ್ರಿ ಸರ್.”

ನಾನು ಕುರ್ಚಿಯಲ್ಲಿ ಕುಳಿತೆ. ಮೂಲಕ್ಕೆ ನಿಷ್ಠೆ, ಅನಗತ್ಯ ಸೇರ್ಪಡೆ ಎಂದೆಲ್ಲ ಮೂವತ್ತು ವರ್ಷ ಕಲಿಸಿದವನು ನಾನು. ವಿದ್ಯಾರ್ಥಿ ಓದಿದ್ದಾನೋ ಇಲ್ಲವೋ ಎಂದು ವಿಚಾರಿಸುವ ಮೊದಲು, ಹೇಗೆ ಓದಿದ, ಯಾರ ಜೊತೆ ಕುಳಿತು ಓದಿದ ಎಂದು ಕೇಳಬೇಕು. ಇಡೀ ನೌಕರಿಯಲ್ಲಿ ನಾನು ಕಲಿತ ದೊಡ್ಡ ಪಾಠ ಅದು, ಮತ್ತು ಅದನ್ನು ಕಲಿಸಿದವಳು ನಾನು ಸೊನ್ನೆ ಕೊಟ್ಟ ಹುಡುಗಿ.