ಅತ್ತೆಗೆ ಮಾತು ಬರೆದ ಗಿರಿಜಕ್ಕ

ಗಿರಿಜಕ್ಕನಿಗೆ ಕೂತು ಬರೆಯಲು ಬರುತ್ತಿರಲಿಲ್ಲ. ಕಡೂರು ಬಸ್ ನಿಲ್ದಾಣದ ಎದುರಿನ ನನ್ನ ಡಿಟಿಪಿ ಅಂಗಡಿಯಲ್ಲಿ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಓಡಾಡುತ್ತಾ ಹೇಳುವರು. ನಾನು ಟೈಪ್ ಮಾಡುವೆ. ಅತ್ತೆಯ ಮಾತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವರು, ಸೊಸೆಯ ಮಾತಿಗೆ ಬಿಡುವರು. ಪುಟ ಮುಗಿಯಿತು ಎನ್ನುವಷ್ಟರಲ್ಲಿ, "ಅಳಿಸೇ ಸವಿತಾ, ಅವ್ಳು ಹಂಗನ್ನಲ್ಲ" ಎನ್ನುವರು.

ಅಜ್ಜಂಪುರದಲ್ಲಿ ಅವರದು ಹೊಲಿಗೆ ಕೆಲಸ. ಟಿ.ವಿ. ಧಾರಾವಾಹಿಯೊಂದರ ತಂಡ ತರೀಕೆರೆಗೆ ಬಂದಿದ್ದಾಗ, ಅತ್ತೆಯ ಪಾತ್ರದ ನಟಿಗೆ ರವಿಕೆ ಹೊಲಿಯಲು ಇವರನ್ನು ಕರೆಸಿದ್ದರು. ಆಕೆ ಉರು ಹೊಡೆಯುತ್ತಿದ್ದ ಸಂಭಾಷಣೆ ಕೇಳಿ, ಅಳತೆ ತೆಗೆಯುತ್ತಿದ್ದ ಗಿರಿಜಕ್ಕನಿಗೆ ತಡೆಯಲಾಗಲಿಲ್ಲವಂತೆ. "ನಮ್ ಕಡೆ ಅತ್ತೇರು 'ಮನೆಯಿಂದ ಹೊರಗೆ ನಡೆ' ಅನ್ನಲ್ಲ ಕಣಮ್ಮ. 'ನಿಮ್ಮಪ್ಪನ ಮನೇಲಿ ಬಾಗ್ಲು ತೆಗ್ದೈತಾ, ಫೋನ್ ಮಾಡಿ ಕೇಳ್ಕೊ' ಅಂತಾರೆ."

ಪಕ್ಕದಲ್ಲೇ ಇದ್ದ ನಿರ್ದೇಶಕ ಆ ಮಾತನ್ನೇ ಇಟ್ಟುಕೊಂಡ. ವಾರ ಕಳೆಯುವುದರೊಳಗೆ, ಸಂಭಾಷಣೆ ನೀವೇ ಬರೆದುಕೊಡಿ ಎಂದು ಫೋನ್ ಬಂತು. ಅಲ್ಲಿಂದ ಆ ಅತ್ತೆ ಆಡಿದ್ದೆಲ್ಲ ಗಿರಿಜಕ್ಕನ ಮಾತು.

ಮಾತು ಹುಡುಕಲು ಅವರು ಬಸ್ಸು ಹತ್ತುತ್ತಿದ್ದರು. ಒಮ್ಮೆ, ಹಿಂದಿನ ಸೀಟಿನ ಓರಗಿತ್ತಿಯರ ಜಗಳ ಇನ್ನೂ ಮುಗಿದಿಲ್ಲವೆಂದು ಕಡೂರಲ್ಲಿ ಇಳಿಯದೆ ಸಖರಾಯಪಟ್ಟಣದವರೆಗೆ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಊಟವಿಲ್ಲದೆ ಬಂದವರು, "ಚಿಕ್ಕೋಳೇ ಗೆದ್ಲು ಕಣೇ, ಒಂದ್ ಮಾತೂ ಆಡ್ದೆ!" ಎಂದರು. ಮರುವಾರ ಧಾರಾವಾಹಿಯ ಸೊಸೆ ಅತ್ತೆಯ ಮುಂದೆ ಸುಮ್ಮನೆ ಹುಣಸೆಹಣ್ಣು ಬಿಡಿಸುತ್ತಾ ಕೂತಳು.

ಆದರೆ 'ಸಂಭಾಷಣೆ' ಎಂದು ಬರುತ್ತಿದ್ದದ್ದು ನಿರ್ದೇಶಕನ ಹೆಸರು. ಕೇಳಿದಾಗಲೆಲ್ಲ, "ಮುಂದಿನ ತಿಂಗಳು ಹಾಕ್ತೀವಿ ಮೇಡಂ." ಮೂರು ವರ್ಷ ಕಳೆದ ಮೇಲೆ ಒಂದು ದಿನ ನನ್ನ ಅಂಗಡಿಯಿಂದಲೇ ಫೋನ್ ಮಾಡಿದರು.

"ಸಾರ್, ನನ್ ಹೆಸ್ರು ಬರೋಗಂಟ ನಿಮ್ಮತ್ತೆ ಬಾಯಿ ಬಿಡಲ್ಲ" ಎಂದು ಇಟ್ಟುಬಿಟ್ಟರು. ಮರುಕ್ಷಣವೇ ನನ್ನ ಕಡೆ ತಿರುಗಿ, "ತಪ್ಪು ಮಾಡ್ಬಿಟ್ನೇನೇ? ಇನ್ ಕರೀದೇ ಹೋದ್ರೆ?" ಎಂದರು.

ಬೇರೆ ಯಾರೋ ಬರೆದರು. ಅತ್ತೆ ಭಾಷಣ ಬಿಗಿಯತೊಡಗಿದಳು. ನಟಿಗೇ ಅದು ಹಿಡಿಸಲಿಲ್ಲವಂತೆ. ಕೊನೆಗೆ ಅತ್ತೆಯನ್ನು ಮೆಟ್ಟಿಲಿಂದ ಬೀಳಿಸಿ, ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿಸಿದರು. ಗಿರಿಜಕ್ಕ ದಿನವೂ ನೋಡಿ ಒದ್ದಾಡುತ್ತಿದ್ದರು. "ಪಾಪ, ನನ್ನಿಂದ ಮಲಗ್ಬಿಟ್ಲು." ಸೋತು ತಾವೇ ಫೋನ್ ಮಾಡಲು ಎರಡು ಸಲ ಬಂದರು, ಎರಡು ಸಲವೂ ನಾನು ಫೋನ್ ಕಿತ್ತಿಟ್ಟುಕೊಂಡೆ.

ಮೂರನೆಯ ವಾರ ನಿರ್ದೇಶಕನೇ ಕರೆದ. ಅತ್ತೆ ಕಣ್ಣು ಬಿಟ್ಟ ದಿನ, 'ಸಂಭಾಷಣೆ: ಗಿರಿಜಾ ಅಜ್ಜಂಪುರ' ಎಂದು ಬಂತು. ನಾನು ಚಪ್ಪಾಳೆ ತಟ್ಟಿದೆ. ಅವರು ಪರದೆಯನ್ನೇ ನೋಡುತ್ತಾ, "ಎಷ್ಟ್ ಬೇಗ ಹೋಯ್ತಲ್ಲೇ" ಎಂದರು.

ಕಳೆದ ವರ್ಷ ಒಂದು ಬೆಳಿಗ್ಗೆ, ಹೊಲಿಗೆ ಯಂತ್ರದ ಮುಂದೆ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನಿರ್ದೇಶಕನಿಗೆ ನಾನೇ ತಿಳಿಸಿದೆ. ಆತ ಮೆಲ್ಲಗೆ ಕೇಳಿದ: "ನಾಳೆಯಿಂದ ಹೆಸರಿನ ಹಿಂದೆ 'ದಿವಂಗತ' ಅಂತ ಸೇರಿಸ್ಲಾ?"

ತೀರಿಕೊಳ್ಳುವ ಹಿಂದಿನ ದಿನ ಗಿರಿಜಕ್ಕ ಹೇಳಿ ಬರೆಸಿದ್ದ ಎರಡು ಸೀನು ನನ್ನ ಕಂಪ್ಯೂಟರಿನಲ್ಲೇ ಇದ್ದವು.

"ಇನ್ನೂ ಎರಡು ಸೀನು ಇದೆ ಸಾರ್," ಎಂದೆ. "ಅದು ಮುಗೀಲಿ."