ಕರೆಂಟ್ ಹೋದಾಗ ಕಲಿತದ್ದು

ಪೀಂ, ಪೀಂ, ಪೀಂ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹೈದರಾಬಾದಿನ ತಾರ್ನಾಕದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು ನಮ್ಮ ಕಂಪ್ಯೂಟರ್ ಇನ್‌ಸ್ಟಿಟ್ಯೂಟ್. ಕರೆಂಟ್ ಹೋದೊಡನೆ ಮೂಲೆಯಲ್ಲಿದ್ದ ಯು.ಪಿ.ಎಸ್. ಹಾಗೆ ಕೂಗಿಕೊಳ್ಳುತ್ತಿತ್ತು. ಎಲ್ಲರೂ ಗಡಬಡಿಸಿ ತಮ್ಮ ತಮ್ಮ ಕೆಲಸವನ್ನು ಸೇವ್ ಮಾಡುತ್ತಿದ್ದರು. ನಾನು ಮಾತ್ರ ಕೈಕಟ್ಟಿ ಕೂತಿರುತ್ತಿದ್ದೆ. ಸೇವ್ ಮಾಡುವಂಥದ್ದು ನನ್ನ ಸ್ಕ್ರೀನಿನ ಮೇಲೆ ಏನೂ ಇರುತ್ತಿರಲಿಲ್ಲ.

ನನಗಾಗ ಐವತ್ತಾರು. ಯಜಮಾನರಿಗೆ ಕುಷಾಯಿಗೂಡದ ಫ್ಯಾಕ್ಟರಿಯಲ್ಲಿ ಇನ್ನೊಂದು ವರ್ಷದ ಸರ್ವಿಸ್ ಉಳಿದಿತ್ತು. ಬಿ.ಎ. ಎರಡನೇ ವರ್ಷದಲ್ಲೇ ಮದುವೆಯಾಗಿ ಕಾಲೇಜು ಬಿಟ್ಟವಳು ನಾನು. ಹೈದರಾಬಾದಿಗೆ ಹೈದರಾಬಾದೇ ಸಾಫ್ಟ್‌ವೇರ್ ಕಲಿಯುತ್ತಿದ್ದ ಆ ಕಾಲದಲ್ಲಿ, ಪೇಪರಿನ ಮಡಿಕೆಯಿಂದ ಬಿದ್ದ ಪ್ಯಾಂಫ್ಲೆಟ್ಟಿನಲ್ಲಿ ‘ನೋ ಏಜ್ ಲಿಮಿಟ್’ ಎಂದು ಓದಿ ಆಸೆಯಾಯಿತು. ಅದು ನಿನ್ನಂಥವರಿಗೆ ಹೇಳಿದ್ದಲ್ಲ ಎಂದರು ಯಜಮಾನರು. ಹಾಗಂತ ಎಲ್ಲೂ ಬರೆದಿಲ್ಲವಲ್ಲ ಎಂದೆ. ಆಮೇಲೆ ಬಸ್ ಪಾಸ್ ಮಾಡಿಸಿಕೊಟ್ಟವರೂ ಅವರೇ, ಸ್ಟೂಡೆಂಟ್ ಪಾಸ್ ಕೊಡಲಿಲ್ಲವೆಂದು ಕೌಂಟರಿನವನ ಮೇಲೆ ಸಿಟ್ಟು ಮಾಡಿಕೊಂಡು.

ಧೂಳು ಬರುತ್ತದೆಂದು ಲ್ಯಾಬಿನ ಹೊರಗೇ ಚಪ್ಪಲಿ ಬಿಡಬೇಕಿತ್ತು. ಒಳಗೆ ಏ.ಸಿ. ನವೆಂಬರ್ ಹೊತ್ತಿಗೆ ಬಂಡಿಗಳಲ್ಲಿ ಸೀತಾಫಲ ಮುಗಿದು ಫುಟ್‌ಪಾತಿನ ಮೇಲೆ ಸ್ವೆಟರುಗಳು ಬಂದವು. ಬೆಳಗಿನ ಏಳರ ಬ್ಯಾಚಿಗೆ ಬಸ್ಸಿಳಿದರೆ ಯೂನಿವರ್ಸಿಟಿಯ ಮರಗಳು ಮಂಜಿನಲ್ಲಿ ಅರ್ಧಕ್ಕರ್ಧ ಕಾಣುತ್ತಿರಲಿಲ್ಲ. ಆದರೂ ಲ್ಯಾಬಿನ ಏ.ಸಿ. ಆರಿಸುವಂತಿರಲಿಲ್ಲ. ಕಂಪ್ಯೂಟರಿಗೆ ಸೆಕೆಯಾಗಬಾರದು, ನಮ್ಮ ಪಾದ ಮರಗಟ್ಟಿದರೆ ಚಿಂತೆಯಿಲ್ಲ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನಿಟಿಂಗ್ ಆಗ ಉಪಯೋಗಕ್ಕೆ ಬಂತು. ಎರಡು ಜೊತೆ ಕಾಲುಚೀಲ ಹೆಣೆದೆ, ಒಂದು ನನಗೆ, ಒಂದು ಪಕ್ಕದ ಸೀಟಿನ ಹುಡುಗಿಗೆ.

ಆ ಹುಡುಗಿ ಕಲಬುರಗಿಯವಳು. ತಂದೆ ಕೋರ್ಟಿನಲ್ಲಿ ಗುಮಾಸ್ತರು. ಬಿ.ಎಸ್ಸಿ. ಮುಗಿಸಿ ತಾರ್ನಾಕದ ಲೇಡೀಸ್ ಹಾಸ್ಟೆಲಿನಲ್ಲಿದ್ದಳು. ನಾನು ಕೀಬೋರ್ಡಿಗೆ ಮೆಲ್ಲಗೆ ಬೈಯುವುದನ್ನು ಕೇಳಿ, ಕನ್ನಡದವರೆಂದು ತಿಳಿದು ಮಾತಾಡಿಸಿದಳು. ಶಾಲೆಯ ಟೀಚರನ್ನು ಕರೆಯುವಂತೆ ‘ಅಕ್ಕೋರೆ’ ಎನ್ನುತ್ತಿದ್ದಳು. ನಮ್ಮಲ್ಲಿ ಒಪ್ಪಂದವಾಯಿತು: ಅವಳು ನನಗೆ ಪ್ರೋಗ್ರಾಂ ಹೇಳಿಕೊಡಬೇಕು, ನಾನು ಅವಳಿಗೆ ಇಂಗ್ಲಿಷ್. ಅವಳಿಗೆ ಅವಸರವಿತ್ತು. ಸಂಕ್ರಾಂತಿಯೊಳಗೆ ಕೆಲಸ ಸಿಗದಿದ್ದರೆ ತಂದೆ ಬಂದು ಊರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಸೊಲ್ಲಾಪುರದ ಕಡೆಯ ಒಂದು ಸಂಬಂಧ ಕಾಯುತ್ತಿತ್ತು.

“ಹುಡುಗ ಕೆಟ್ಟಾಂವ ಅಲ್ಲರಿ, ಅಕ್ಕೋರೆ,” ಎಂದಳು. “ಆದ್ರ ನಾ ಇನ್ನೂ ಏನೂ ಮಾಡಿ ನೋಡಿಲ್ಲಲ್ಲ.”

ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವಳಿಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ನನಗೆ ಗೊತ್ತಿದ್ದದ್ದು ಸಿಸ್ಟರುಗಳ ಮೆಥಡ್ ಒಂದೇ. ವಾಕ್ಯ ಮನಸ್ಸಿನಲ್ಲಿ ಪೂರ್ತಿಯಾಗುವ ತನಕ ಬಾಯಿ ತೆರೆಯಬಾರದು. ಅರ್ಧ ವಾಕ್ಯ ಆಡಿದವಳ ಬೆರಳ ಗಂಟಿಗೆ ಸ್ಕೇಲಿನ ಏಟು. ನಾನು ಸ್ಕೇಲೊಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಸಿದೆ. ತನ್ನ ಬಗ್ಗೆ ಹೇಳಿಕೊಳ್ಳಲು ಒಂದು ಪುಟದ ಕಾಂಪೊಸಿಷನ್ ಬರೆದುಕೊಟ್ಟೆ. ನನ್ನ ಜೊತೆ ಬಸ್ ಸ್ಟಾಪಿನಲ್ಲಿ ನಡುಗುತ್ತ ನಿಂತು ಅವಳು ಅದನ್ನು ಬಾಯಿಪಾಠ ಮಾಡಿದಳು.

ಡಿಸೆಂಬರಿನ ಮೊದಲ ವಾರ ಒಂದು ಇಂಟರ್‌ವ್ಯೂ ಬಂತು. ಟೀ ಶರ್ಟಿನಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಸಾಹೇಬ, ನನ್ನ ಕಾಂಪೊಸಿಷನ್ ಕೇಳಿ, ಇದನ್ನು ನಿಮ್ಮ ಅಜ್ಜಿ ಬರೆದುಕೊಟ್ಟರಾ ಎಂದು ಕೇಳಿದನಂತೆ. ಅದು ಹೋಗಲಿ. ಆಮೇಲೆ ಸ್ಟ್ಯಾಕ್ ಎಂದರೇನು ಎಂದು ಕೇಳಿದ. ಅದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಮನಸ್ಸಿನಲ್ಲಿ ಪೂರ್ತಿ ವಾಕ್ಯ ಜೋಡಿಸುತ್ತ ಸುಮ್ಮನೆ ಕೂತುಬಿಟ್ಟಳು. ಅವಳ ವಾಕ್ಯ ಮುಗಿಯುವ ಮೊದಲೇ ಅವನು ಮುಂದಿನವರನ್ನು ಕರೆದ. ಇದನ್ನೆಲ್ಲ ಅವಳು ನನ್ನ ಮೇಲೆ ಒಂದಿಷ್ಟೂ ತಪ್ಪು ಹೊರಿಸದೆ ಹೇಳಿದಳು. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ ನನಗೆ.

ಮರುದಿನ ಪಾಠದ ನಡುವೆ ಮತ್ತೆ ಪೀಂ, ಪೀಂ. ಕೆಳಗಿಳಿದು ಎದುರಿನ ಇರಾನಿ ಹೋಟೆಲಿಗೆ ಹೋದೆವು. ಅವಳ ಮುಖ ಸಪ್ಪಗಿತ್ತು. ಏನಾದರೂ ಮಾತಾಡಿಸಬೇಕೆಂದು, ಅಲ್ಲ, ಆ ಸ್ಟ್ಯಾಕ್ ಅಂದರೆ ಏನಮ್ಮ, ನನ್ನ ತಲೆಗಂತೂ ಹೋಗಿಲ್ಲ ಎಂದೆ. ಅವಳು ಗಲ್ಲಾದ ಪಕ್ಕದಲ್ಲಿದ್ದ ಸಾಸರುಗಳನ್ನು ಎಳೆದುಕೊಂಡು ಒಂದರ ಮೇಲೊಂದು ಪೇರಿಸಿದಳು.

“ನೋಡ್ರಿ, ಕಡೀಕ ಇಟ್ಟ ಬಶಿ ಮೊದಲ ಹೊರಗ ಬರತೈತಿ. ಅಷ್ಟರಿ. ನಡುವಿಂದು ಎಳಿಯಾಕ ಹೋದ್ರ ಸೇಠ್ ಬೈತಾರ. ಕಂಪ್ಯೂಟರೂ ಹಂಗಾ ಬೈತೈತಿ.”

ಹೀಗೇ ಇನ್ನಷ್ಟು ಹೇಳುತ್ತ ಹೋದಳು, ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ಇಂಗ್ಲಿಷ್. ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಏನೋ ಒಂದು ಪೂರ್ತಿ ಅರ್ಥವಾಯಿತು. ಅವಳ ಬಾಯಿಗೆ ಬೀಗ ಹಾಕಿದವಳು ನಾನೇ ಎಂಬುದೂ.

“ಮುಂದಿನ ಸಲ ಅಲ್ಲಿ ಕೂತಿರೋರು ನಾನೇ ಅಂದ್ಕೋ,” ಎಂದೆ. “ನನ್ನಷ್ಟೇ ದಡ್ಡರು. ಗ್ರಾಮರ್ ಮರೆತುಬಿಡು.”

ಅವಳು ಕಣ್ಣು ಕಿರಿದು ಮಾಡಿದಳು. “ಗ್ರಾಮರ್ ಬ್ಯಾಡಾ? ನೀವಾ ಹೇಳಾಕತ್ತೀರಿ?”

ಅಂದಿನಿಂದ ನಾನು ಸಾಹೇಬಳಾದೆ. ದಿನವೂ ಅವಳು ಚಹಾದ ಮುಂದೆ ಕೂತು ನನಗೆ ಇಂಗ್ಲಿಷಿನಲ್ಲಿ ಏನಾದರೊಂದು ವಿವರಿಸಬೇಕು, ನಾನು ತಿದ್ದಬಾರದು. ಮೊದಲ ದಿನ ‘ಹಿ ಗೋ’ ಎಂದಾಗ ನಾಲಿಗೆ ಕಚ್ಚಿಕೊಂಡೆ. ವಾರದ ಹೊತ್ತಿಗೆ ತಪ್ಪುಗಳು ಹಾಗೇ ಇದ್ದವು, ಮಾತಿನ ನಡುವೆ ತಡೆದು ನಿಲ್ಲುವುದು ಮಾತ್ರ ನಿಂತಿತ್ತು.

ಸಂಕ್ರಾಂತಿಗೆ ಮುಂಚಿನ ಕೊನೆಯ ಇಂಟರ್‌ವ್ಯೂ ಜನವರಿಯ ಮೊದಲ ವಾರದಲ್ಲಿ ಇತ್ತು. ಅಂದು ಹನ್ನೊಂದಾದರೂ ನಾನು ಮನೆಗೆ ಹೋಗದೆ ಲ್ಯಾಬಿನಲ್ಲೇ ಕಾಲುಚೀಲದೊಳಗೆ ಬೆರಳು ಮಡಚುತ್ತ ಕೂತಿದ್ದೆ. ಬಾಗಿಲು ತೆರೆಯಿತು. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಳು. ಲ್ಯಾಬಿನ ಸರ್ ಗದರಿದ್ದು ಅವಳಿಗೆ ಕೇಳಿಸಲೇ ಇಲ್ಲ. ನನಗೆ ಅಲ್ಲೇ ಗೊತ್ತಾಯಿತು.

“ಅವರ ಟೇಬಲ್ ಮ್ಯಾಲಿನ ಪೇಪರ್ ಕಪ್ ಎಲ್ಲಾ ಪೇರಿಸಿಬಿಟ್ಟೆ, ಅಕ್ಕೋರೆ. ಭಾಳ ದಡ್ಡರದಾರ ಅಂತ ತಿಳಕೊಂಡಾ ಹೇಳಿದೆ.”

ಸಂಕ್ರಾಂತಿಗೆ ಅವಳ ತಂದೆ ಬಂದರು. ನಮ್ಮ ಕ್ವಾರ್ಟರ್ಸಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದುಕೊಟ್ಟು, ಯಜಮಾನರ ಜೊತೆ ಒಂದು ಗಂಟೆ ಮಾತಾಡಿ, ಒಬ್ಬರೇ ಕಲಬುರಗಿಯ ರೈಲು ಹತ್ತಿದರು. ನನ್ನ ಪ್ರೋಗ್ರಾಮೂ ಕೊನೆಗೊಮ್ಮೆ ಓಡಿತು. ಓಡಿದ್ದನ್ನು ಸೇವ್ ಮಾಡಿದೆ.

ಅವಳನ್ನು ಕೊನೆಯದಾಗಿ ನೋಡಿದ್ದು ಮರುವರ್ಷದ ಚಳಿಗಾಲದಲ್ಲಿ. ಯಜಮಾನರು ರಿಟೈರಾಗಿ ನಾವು ಮೈಸೂರಿಗೆ ಹೊರಟಿದ್ದೆವು. ಮೆಹದಿಪಟ್ಟಣದಲ್ಲಿದ್ದ ಒಬ್ಬ ಪರಿಚಿತರ ಮನೆಗೆ ಹೋಗಿ ವಾಪಸ್ ಬರುವಾಗ, ನಿಂತ ಬಸ್ಸಿನ ಕಿಟಕಿಯಿಂದ ಕಂಡಳು. ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್, ಕಿವಿಗೆ ಮೊಬೈಲ್. ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಪೇರಿಸುತ್ತಿತ್ತು. “ನೋ, ನೋ, ಫಸ್ಟ್ ದಟ್ ಒನ್ ಕಮ್ ಔಟ್, ದೆನ್ ಓನ್ಲಿ ದಿಸ್ ಒನ್,” ಎನ್ನುತ್ತಿದ್ದಳು. ನಾನು ಕಿಟಕಿಯ ಸರಳಿಗೆ ಬಳೆ ತಟ್ಟಿದೆ. ಅವಳು ತಿರುಗಿ ನೋಡಿ, ಮುಖವೆಲ್ಲ ನಗುವಾಗಿ, ಒಂದೇ ನಿಮಿಷ ತಡೀರಿ ಎಂಬಂತೆ ಬೆರಳೆತ್ತಿದಳು. ಮಾತು ಮಾತ್ರ ನಿಲ್ಲಿಸಲಿಲ್ಲ. ಬಸ್ಸು ಹೊರಟಿತು. ತಿರುವಿನ ತನಕವೂ ಅವಳು ವಿವರಿಸುತ್ತಲೇ ಇದ್ದಳು, ಆ ಬೆರಳು ಹಾಗೇ ಮೇಲಿತ್ತು.