ಹೆಬ್ಬೆರಳ ಕೆಳಗಿನ ಅಳತೆ

ಚಾಚಿಯ ಬಲಗೈ ಹೆಬ್ಬೆರಳಿನ ಉಗುರು ಅಗಲವಾಗಿತ್ತು, ಚಪ್ಪಟೆಯಾಗಿತ್ತು, ತುದಿಗೆ ಸದಾ ನೀಲಿ ಚಾಕ್‌ಪೀಸಿನ ಪುಡಿ ಮೆತ್ತಿಕೊಂಡಿರುತ್ತಿತ್ತು. ಅಳತೆ ತೆಗೆಯುವಾಗ ಟೇಪನ್ನು ಮೈಸುತ್ತ ತಂದು, ತುದಿ ಬಂದು ಕೂಡುವ ಕಡೆ ಆ ಹೆಬ್ಬೆರಳನ್ನು ಒತ್ತಿ ಹಿಡಿಯುತ್ತಿದ್ದರು. ಅಂಕಿ ಬೆರಳ ಕೆಳಗೆ ಮುಚ್ಚಿಹೋಗುತ್ತಿತ್ತು. ನಾವು ಬಗ್ಗಿ ನೋಡಹೋದರೆ ಟೇಪನ್ನು ಸರ್ರನೆ ಎಳೆದು ಕೊರಳಿಗೆ ಹಾಕಿಕೊಂಡುಬಿಡುತ್ತಿದ್ದರು. ಎಷ್ಟಾತು ಚಾಚಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನಿಮಗ್ಯಾಕ ಬೇಕ್ರಿ ಅದು? ಹೊಲಿಯಾಕಿ ನಾ ಅದೀನಿ."

ರೋಣದಲ್ಲಿ ನಮ್ಮ ಓಣಿ ಶುರುವಾಗುವಲ್ಲೇ ಅವರ ಮನೆ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ನು, ಕಿಟಕಿಗೆ ಅರ್ಧ ಪರದೆ. ಹೆಂಗಸರ ಬಟ್ಟೆ ಬಿಟ್ಟು ಬೇರೆ ಹೊಲಿಯುತ್ತಿರಲಿಲ್ಲ. ಓಣಿಗೆಲ್ಲ ಅವರು ಚಾಚಿ, ನನಗೂ ಚಾಚಿ. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುವವಳಾದ್ದರಿಂದ ಅವರಿಗೆ ಅಕ್ಕೋರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಹಿರಿಯರಾದರೂ ಒಂದು ದಿನ 'ರೀ' ಹಚ್ಚದೆ ಮಾತಾಡಿದವರಲ್ಲ.

ನಮ್ಮ ಕಡೆ ಹೊಸ ಜಂಪರ್, ಅಂದರೆ ರವಿಕೆ, ಹೊಲಿಸುವಾಗ ಮೈಗೆ ಸರಿಯಾಗಿ ಕೂಡುವ ಹಳೆಯದೊಂದನ್ನು ಅಳತೆಗೆಂದು ಕೊಡುವುದು ರೂಢಿ. ನನ್ನ ಅಳತೆ ಜಂಪರ್ ಮದುವೆಯದು, ಗಜೇಂದ್ರಗಡದ ಸೀರೆಗೆ ಹೊಂದಿಸಿ ಚಾಚಿಯೇ ಹೊಲಿದ ಕೆಂಪು ಖಣದ್ದು. ಎರಡು ಮಕ್ಕಳಾದ ಮೇಲೂ ಅದನ್ನೇ ಒಯ್ದು ಕೊಟ್ಟು, ಇದರ ಅಳತಿಗೆ ಹೊಲೀರಿ ಅನ್ನುತ್ತಿದ್ದೆ. ಹೊಲಿದು ಬಂದದ್ದು ಹೇಳಿ ಮಾಡಿಸಿದಂತೆ ಕೂಡುತ್ತಿತ್ತು. ಹುಕ್ಕು ಕಿತ್ತಿದೆಯೆಂದು ಕೊಟ್ಟ ಹಳೆಯ ಜಂಪರುಗಳೂ ತಿರುಗಿ ಬಂದಾಗ ಮೈಗೆ ಹಿತವಾಗಿರುತ್ತಿದ್ದವು, ಆ ಕೆಂಪು ಜಂಪರ್ ಕೂಡ. ಶಾಲೆಯಲ್ಲಿ ಬಿಡುವಿನ ಹೊತ್ತಿಗೆ ಮಿರ್ಚಿ ಭಜಿ, ಚುರುಮುರಿಯ ಗಿರ್ಮಿಟ್ ತಿನ್ನುತ್ತ ಜೊತೆಯ ಶಿಕ್ಷಕಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ, ಮದುವಿ ಜಂಪರ್ ನನಗ ಇನ್ನೂ ಬರತೈತಿ ಅಂತ.

ಚಾಚಿ ಪ್ರತಿ ಸಲವೂ ಸದ್ದಿಲ್ಲದೆ ಬಗಲ ಹೊಲಿಗೆ ಬಿಚ್ಚಿ, ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯಲ್ಲಿ ಒಂದಿಷ್ಟನ್ನು ಹೊರಗೆ ತಂದು ಹೊಲಿಯುತ್ತಿದ್ದರು. ಇದು ನನಗೆ ಗೊತ್ತಿತ್ತು. ಒಂದು ರವಿವಾರ ಇಸ್ತ್ರಿಗೆಂದು ಕೆಂಪು ಜಂಪರನ್ನು ತಿರುವಿ ಹಾಕಿದಾಗ ಹಳೆಯ ಹೊಲಿಗೆಯ ಸೂಜಿತೂತುಗಳು ಕಂಡಿದ್ದವು, ಒಂದು ಸಾಲಿನ ಪಕ್ಕ ಇನ್ನೊಂದು ಸಾಲು. ನೋಡಿದೆ, ಇಸ್ತ್ರಿ ಎಳೆದೆ, ಮಡಚಿ ಇಟ್ಟೆ. ಯಾಕೆ ಕೇಳಲಿ? ನನಗೆ ಬೇಕಾದದ್ದೇ ಆಗುತ್ತಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಕೂತು ಎದ್ದರೆ ಮೊಣಕಾಲು ನೋವು. ಗದಗಿಗೆ ಹೋಗಿ ತೋರಿಸಿದೆ. ಅಲ್ಲಿನ ಡಾಕ್ಟರು ತೂಕದ ಮಷಿನ್ನಿನ ಮೇಲೆ ನಿಲ್ಲಿಸಿ, ರಕ್ತ ತಪಾಸಣೆ ಮಾಡಿಸಿ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ತೂಕ ಇಳಿಸದಿದ್ದರೆ ಒಳಗೆ ಬರುತ್ತದೆ ಅಂದರು. ನಮ್ಮವ್ವ ಅದೇ ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡು, ಕೊನೆಗೆ ಮೊಮ್ಮಕ್ಕಳ ಮುಖವನ್ನು ಕೈಯಿಂದ ತಡವಿ ನೋಡುತ್ತಿದ್ದಳು. ಬಸ್ಸು ರೋಣ ಮುಟ್ಟುವ ತನಕ ನನಗೆ ಆ ಕೈಗಳದೇ ನೆನಪು.

ಓಣಿಗೆ ಬಂದವಳು ಮನೆಗೆ ಹೋಗುವ ಮೊದಲೇ ಚಾಚಿಯ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಷಿನ್ನು ನಿಂತಿತು. ಚಾಚಿ ಚಕ್ರದ ಮೇಲಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

"ಅಕ್ಕೋರ, ಇದು ನಾ ಮಾಡಿದ್ದು" ಅಂದರು. "ನೀವು ಕೇಳಿದ್ದಿಲ್ಲ. ನಾನ ಬಿಚ್ಚಿ ಬಿಚ್ಚಿ ಸಡಲ ಮಾಡಿ ಕೊಟ್ಟೆ. ಜಂಪರ್ ಬಿಗಿ ಆಗಿದ್ರ ನಿಮಗ ಆವಾಗ ತಿಳೀತಿತ್ತು. ನಿಮ್ಮ ಮನಸಿಗೆ ನೋವಾಗಬಾರದಂತ ಮಾಡಿದೆನ್ರಿ, ಈಗ ನಿಮ್ಮ ಜೀವಕ್ಕ ಬಂತು."

ನನಗೆ ಗೊತ್ತಿತ್ತು ಚಾಚಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನಾನು ಮಾಡಿದ್ದೇನು? ಕಣ್ಣು ಅಗಲಿಸಿ, ಈಗಷ್ಟೇ ಕೇಳಿದವಳ ಹಾಗೆ, "ಹೌದೇನ್ರಿ?" ಅಂದೆ. ಆ ಹೊತ್ತಿಗೆ ತಪ್ಪನ್ನು ಹೊರಲಿಕ್ಕೆ ಇನ್ನೊಬ್ಬರು ಸಿಕ್ಕಿದ್ದು ನನಗೆ ಎಷ್ಟು ಹಗುರ ಮಾಡಿತ್ತೆಂದರೆ, ಅದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಡಾಕ್ಟರು ಹೇಳಿಕೊಟ್ಟ ಊಟದಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಹಸಿ ಸೌತೆ, ಮೂಲಂಗಿ, ಹಕ್ಕರಿಕೆ ಸೊಪ್ಪು. ರಾತ್ರಿ ಅನ್ನ ಬೇಡ, ಕರಿದದ್ದು ಬೇಡ, ಚಹಾಕ್ಕೆ ಸಕ್ಕರೆ ಬೇಡ. ದಿನಾ ಮುಂಜಾನೆ ಮುಕ್ಕಾಲು ತಾಸು ಬಿರುಸಾಗಿ ನಡೆಯಬೇಕು. ಬುದ್ಧಿವಂತಳಾದ ನಾನು ಇದನ್ನೆಲ್ಲ ಬಿಟ್ಟು, ಲಗೂ ಇಳಿಯಲೆಂದು ಬರೀ ಮಜ್ಜಿಗೆ ಕುಡಿದು ದಿನ ನೂಕತೊಡಗಿದೆ. ವಾರ ತುಂಬುವುದರೊಳಗೆ ತರಗತಿಯಲ್ಲಿ ತಲೆ ತಿರುಗಿ ಕರಿಹಲಗೆ ಹಿಡಿದುಕೊಂಡು ನಿಂತೆ. ಅಂದು ಸಂಜೆ ಚಾಚಿ ಮನೆಗೇ ಬಂದು, ಎದುರಿಗೆ ಕೂತು ನನಗೆ ರೊಟ್ಟಿ ತಿನ್ನಿಸಿದರು. "ನಾವೂ ರೋಜಾ ಹಿಡೀತೇವ್ರಿ, ಅದು ದೇವರಿಗೆ. ತೂಕಕ್ಕಂತ ಉಪಾಸ ಮಾಡಿದ್ರ ಹೊಟ್ಟಿ ಸಿಟ್ಟಿಗೇಳತೈತಿ, ಮರುದಿನ ಇಮ್ಮಡಿ ಕೇಳತೈತಿ."

ಅವರ ಸಲಹೆಗಳೆಲ್ಲ ಸರಿಯಿದ್ದವೆಂದಲ್ಲ. ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದರೆ ಕೊಬ್ಬು ಕರಗಿ ಹೋಗುತ್ತದೆಂದು ಬಲವಾಗಿ ನಂಬಿದ್ದರು. ಮಧ್ಯಾಹ್ನದ ನಿದ್ದೆ ನೇರವಾಗಿ ಸೊಂಟಕ್ಕೆ ಹೋಗಿ ಕೂರುತ್ತದೆ ಅನ್ನುತ್ತಿದ್ದರು. ಡಾಕ್ಟರ ಮುಂದೆ ಹೇಳಿದಾಗ ಅವರು ಬಾಯಿ ಮುಚ್ಚಿಕೊಂಡು ನಕ್ಕರು. ಆದರೆ ನನಗೆ ಬೇಕಾಗಿದ್ದದ್ದು ಹೇಳುವವರಲ್ಲ, ಜೊತೆಗೆ ನಡೆಯುವವರು. ಆಗ ನಮ್ಮೂರಲ್ಲಿ ಕೆಲಸವಿಲ್ಲದೆ ಸುಮ್ಮನೆ ರಸ್ತೆಯಲ್ಲಿ ನಡೆಯುವ ಹೆಂಗಸು ಎಂದರೆ ಮಂದಿ ನಿಂತು ನೋಡುತ್ತಿದ್ದರು. ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ಚಾಚಿ, ಒಂದು ಹಿಡಿ ಮಾಂಸ ಹೆಚ್ಚಿಲ್ಲದ ಹೆಂಗಸು, ಮರುದಿನ ನಸುಕಿಗೇ ಬುರ್ಖಾ ಹಾಕಿಕೊಂಡು ರಬ್ಬರ್ ಚಪ್ಪಲಿಯಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತರು.

ನಾವು ಸವಡಿ ರಸ್ತೆ ಹಿಡಿಯುತ್ತಿದ್ದೆವು. ನಮ್ಮ ಮನೆಯವರು ತಂದಿದ್ದ ಬಿಳಿ ಕ್ಯಾನ್ವಾಸ್ ಬೂಟನ್ನು ಚೀಲದಲ್ಲಿ ಮುಚ್ಚಿಕೊಂಡು ಹೋಗಿ, ಊರು ದಾಟಿದ ಮೇಲೆ ಸೀರೆಯ ಕೆಳಗೆ ಏರಿಸುತ್ತಿದ್ದೆ. ಮೊದಲ ದಿನಗಳಲ್ಲಿ ಮುಂಜಾನೆಯ ಬಸ್ಸು, ಪಾಪ ಬಸ್ಸು ತಪ್ಪಿದವರು ಎಂದು ನಮ್ಮ ಪಕ್ಕ ಬಂದು ನಿಲ್ಲುತ್ತಿತ್ತು. ಎಲ್ಲಿಗೆ ಹೊಂಟೀರಿ, ಹತ್ರಿ ಅಂದ ಕಂಡಕ್ಟರಿಗೆ ಚಾಚಿ, "ಎಲ್ಲೀಗೂ ಇಲ್ಲಪಾ, ಹೋಗಿ ಹೊಳ್ಳಿ ಬರ್ತೇವಿ" ಅಂದಿದ್ದರು. ಬಸ್ಸಿನ ಮಂದಿಯೆಲ್ಲ ನಕ್ಕರು. ಆಮೇಲೆ ಅದೇ ಕಂಡಕ್ಟರು ಹಾರ್ನ್ ಹೊಡೆಸಿ ಕೈ ಬೀಸಿ ಹೋಗುವುದು ರೂಢಿಯಾಯಿತು.

ರಮಜಾನ್ ತಿಂಗಳಲ್ಲಿ ನೀವು ಬರಬೇಡಿ ಎಂದು ಬೇಡಿಕೊಂಡರೂ ಕೇಳಲಿಲ್ಲ. ಬೆಳಗಾಗುವ ಮೊದಲಿನ ಸಹರಿ ಊಟ ಮುಗಿಸಿ ಬರುತ್ತಿದ್ದರು, ಬಾಯೊಣಗಿಸಿಕೊಂಡು ನನ್ನ ಜೊತೆ ನಡೆದು, ಹೋಗಿ ಇಡೀ ದಿನ ಮಷಿನ್ ತುಳಿಯುತ್ತಿದ್ದರು. ಸಂತೆಯ ದಿನ ಒಂದು ಮಿರ್ಚಿ ತಿನ್ನಲು ನನಗೆ ಅಪ್ಪಣೆಯಿತ್ತು, ಅದರಲ್ಲೂ ಅರ್ಧ ಅವರಿಗೆ ಮುರಿದು ಕೊಡಬೇಕು. ಆ ಅರ್ಧವನ್ನು ಅವರು ತಿನ್ನುತ್ತಿರಲಿಲ್ಲವೆಂದು, ನಾನು ಹೋದ ಮೇಲೆ ತಮ್ಮ ಮಗಳಿಗೆ ಕೊಡುತ್ತಿದ್ದರೆಂದು ಬಹಳ ದಿನಗಳ ನಂತರ ತಿಳಿಯಿತು. ನಾನು ಬಿಟ್ಟದ್ದನ್ನು ಅವರೂ ಬಿಟ್ಟಿದ್ದರು.

ತೂಕ ನಿಧಾನಕ್ಕೆ ಇಳಿಯಿತು. ತಿಂಗಳಿಗೊಮ್ಮೆ ಅಳತೆ ತೆಗೆಯುವಾಗ ಚಾಚಿ ಈಗ ಹೆಬ್ಬೆರಳು ಸರಿಸಿ, ಟೇಪನ್ನು ನನ್ನ ಕಣ್ಣಿಗೆ ಹಿಡಿದು, ಓದ್ರಿ ಅನ್ನುತ್ತಿದ್ದರು. ಓಣಿಯಲ್ಲಿ ಇನ್ನಾರಿಗೂ ಅವರು ಹಾಗೆ ತೋರಿಸಿದ್ದಿಲ್ಲ. ಕೆಂಪು ಜಂಪರನ್ನು ಮತ್ತೆ ಬಿಚ್ಚಿ, ಈ ಸಲ ಒಳಕ್ಕೆ ಹಿಡಿದು ಹೊಲಿದರು. ಡಾಕ್ಟರು ಹೊಸ್ತಿಲ ಕಾಯಿಲೆ ಹಿಂದಕ್ಕೆ ಸರಿದಿದೆ ಎಂದ ದಿನ, ಚಾಚಿ ಪಡಸಾಲೆಯಲ್ಲಿ ಕೂತು ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡರು. ನನಗೆ ಮೊದಲೇ ಗೊತ್ತಿತ್ತೆಂದು ಆವತ್ತಾದರೂ ಹೇಳಬಹುದಿತ್ತು. ಹೇಳಿದರೆ ನಾಳೆಯಿಂದ ಅವರು ಬರಲಿಕ್ಕಿಲ್ಲ ಎಂಬ ಹೆದರಿಕೆ ನನಗೆ. ನಸುಕಿನಲ್ಲಿ ಅವರನ್ನು ನನ್ನ ಬಾಗಿಲಿಗೆ ತರುತ್ತಿದ್ದದ್ದು ಅವರ ಮನಸ್ಸಿನ ಆ ಮುಳ್ಳೇ ಎಂದು ತಿಳಿದು, ಅದನ್ನು ಅಲ್ಲೇ ಇರಲು ಬಿಟ್ಟೆ.

ವರ್ಷಕ್ಕೊಮ್ಮೆ ಶಬೇ ಬರಾತ್ ಹಬ್ಬ ಬಂದಾಗ ಅವರು ಓಣಿಯವರನ್ನೆಲ್ಲ ಕಂಡು, ಅಂದದ್ದು ಆಡಿದ್ದು ಇದ್ದರೆ ಮಾಫ್ ಮಾಡಿರೆಂದು ಕೇಳುತ್ತಿದ್ದರು. ಎಲ್ಲರಿಗೂ ಬಟ್ಟಲು ತುಂಬ ಹಲ್ವಾ, ನನ್ನ ಪಾಲಿಗೆ ಮಾತ್ರ ಒಂದು ಚಮಚ. ಕೊಟ್ಟು, ದನಿ ತಗ್ಗಿಸಿ, "ಜಂಪರ್ ವಿಷಯಾ ಮಾಫ್ ಮಾಡ್ರಿ ಅಕ್ಕೋರ" ಅನ್ನುತ್ತಿದ್ದರು. ಮಾಫ್ ಮಾಡೀನ್ರಿ ಅನ್ನುತ್ತಿದ್ದೆ ನಾನು, ದೊಡ್ಡ ಮನಸ್ಸಿನವಳ ಹಾಗೆ. ಪ್ರತಿ ವರ್ಷವೂ ಅಂದೆ.

ಅವರ ಅಂಗಿ ಅವರ ಮೈಮೇಲೆ ಸಡಿಲವಾಗುತ್ತ ಹೋದದ್ದು ನನಗೆ ಕಾಣಲಿಲ್ಲ. ದಾರಿಯುದ್ದಕ್ಕೂ ನನ್ನ ತೂಕ, ನನ್ನ ಮೊಣಕಾಲು, ನಾನು ತಿನ್ನದೆ ಬಿಟ್ಟ ಹೋಳಿಗೆಯದೇ ಮಾತು. ಒಂದು ದಿನ ಅರ್ಧ ದಾರಿಯಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ಮೈಲಿಗಲ್ಲಿನ ಮೇಲೆ ಕೂತರು. ಆಗಲೂ ನನಗೆ, ನೀವು ಹೋಗಿ ಬರ್ರಿ, ನಿಮ್ಮದು ತಪ್ಪಬಾರದು ಅಂದರು. ನಾನು ಹೋಗಿ ಬಂದೆ. ಗದಗಿನ ದವಾಖಾನೆಯಲ್ಲಿ ಹೊಟ್ಟೆಯೊಳಗೆ ಗಡ್ಡೆಯಾಗಿದೆ, ತಡವಾಗಿದೆ ಅಂದರು.

ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯ ಮೇಲಿದ್ದ ಅವರ ಕೈ ಹಿಡಿದುಕೊಂಡೆ. ಹೆಬ್ಬೆರಳ ಉಗುರಿನಲ್ಲಿ ನೀಲಿ ಪುಡಿ ಇರಲಿಲ್ಲ, ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ಮಗಳು ಹೊರಗೆ ಹೋದಳು. ಚಾಚಿ ಮೆಲ್ಲಗೆ, "ಆ ಜಂಪರ್ ಮಾತು ಮನಸಿನ್ಯಾಗ ಇಟಗೋಬ್ಯಾಡ್ರಿ ಅಕ್ಕೋರ" ಅಂದರು. ಹೇಳಲಿಕ್ಕೆ ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ಆದರೆ ಇಷ್ಟು ವರ್ಷ ಮುಚ್ಚಿಟ್ಟವಳು ಎಂದು ಗೊತ್ತಾದರೆ ಅವರು ನನ್ನನ್ನು ಯಾವ ಕಣ್ಣಿನಿಂದ ನೋಡಿಯಾರು ಎಂದು ಅಂಜಿದೆ. ಯಾವಾಗೋ ಮಾಫ್ ಮಾಡೀನ್ರಿ ಚಾಚಿ ಅಂದೆ. ಅವರು ನಿರಾಳವಾಗಿ ಕಣ್ಣು ಮುಚ್ಚಿದರು. ಆ ವಾರವೇ ಹೋದರು.

ಆಮೇಲೆ ಕೆಲವು ತಿಂಗಳು ನಾನು ಸವಡಿ ರಸ್ತೆಗೆ ಕಾಲಿಡಲಿಲ್ಲ. ಮೈ ಮತ್ತೆ ಏರಿತು. ಕೆಂಪು ಜಂಪರ್ ತೋಳಿನಿಂದ ಮೇಲೆ ಬರದಾದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಟೇಲರನ ಬಳಿ ಒಯ್ದೆ, ನಡುವಯಸ್ಸಿನ ಮನುಷ್ಯ. ಟೇಪು ಹಿಡಿದು ಅಂಗಡಿಯವರಿಗೆಲ್ಲ ಕೇಳುವಂತೆ ನನ್ನ ಅಳತೆ ಕೂಗಿದ. ನಂತರ ಜಂಪರ್ ತಿರುವಿ ಬೆಳಕಿಗೆ ಹಿಡಿದು, ಬಗಲಿನ ಮೇಲೆ ಬೆರಳಾಡಿಸಿದ.

"ಇದನ್ನ ಭಾಳ ಸಲ ಬಿಚ್ಚ್ಯಾರ, ಮತ್ತ ಹಿಡದಾರ. ಬಟ್ಟಿ ಜಾಳಾಗೈತಿ, ಇನ್ನ ಬಿಚ್ಚಾಕ ಬರಂಗಿಲ್ರಿ. ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ರಿ" ಅಂದೆ.

ಆತ ತಲೆ ಕೂಡ ಎತ್ತಲಿಲ್ಲ. ಜಂಪರನ್ನು ನನ್ನ ಕಡೆ ಸರಿಸಿ, ಮುಂದಿನವರ ಬಟ್ಟೆ ತೆಗೆದುಕೊಂಡ.